ಅವ್ವನ ಮಿರ್ಚಿ, ಕಂಪನಿಯ ಕಾಗದ

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೇಗಿದ್ದರೂ ಎಲ್ಲೋ ಒಂದು ಕಡೆ ಹೇಳಿಯೇ ತೀರುತ್ತೇನೆ, ನಡುವೆ ತುರುಕುವುದಕ್ಕಿಂತ ಮುಂದೆ ಇಟ್ಟರೆ ವಾಸಿ. ಹಗರಿಬೊಮ್ಮನಹಳ್ಳಿಯಿಂದ ಹರಪನಹಳ್ಳಿಗೆ ನಾಲ್ಕು ವರ್ಷ ಬಸ್ಸಿನಲ್ಲಿ ಓಡಾಡಿದೆ. ಕೊಟ್ಟೂರು ದಾಟುವವರೆಗೂ ಸೀಟು ಸಿಗುತ್ತಿರಲಿಲ್ಲ. ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ನೋಟ್ಸು. ಹಾಗೆ ನಿಂತುಕೊಂಡೇ ಬಿ.ಫಾರ್ಮ್ ಮುಗಿಸಿದವಳು ನಾನು. ನನ್ನ ಜೊತೆಯವರು ಕೂತು ಓದಿದರು ಎಂದು ಈಗಲೂ ಒಮ್ಮೊಮ್ಮೆ ಹೊಟ್ಟೆ ಉರಿಯುತ್ತದೆ.

ಓದಿಸಿದ್ದು ಅವ್ವನ ಮಿರ್ಚಿ. ಅಪ್ಪ ನಾನು ಐದನೆಯ ಇಯತ್ತೆಯಲ್ಲಿದ್ದಾಗಲೇ ಹೋದ. ಅವತ್ತಿನಿಂದ ಅವ್ವ ಬಸ್‌ಸ್ಟ್ಯಾಂಡಿನ ಎದುರು ಬೇವಿನ ಮರದ ಕೆಳಗೆ ಗಾಡಿ ಹಾಕಿ, ಸಂಜೆ ನಾಲ್ಕರಿಂದ ಮಿರ್ಚಿ ಕರಿಯುತ್ತಾಳೆ. ನನ್ನ ಮೆಡಿಕಲ್ ಅಂಗಡಿ ಅಲ್ಲಿಂದ ಕೂಗಿದರೆ ಕೇಳುವಷ್ಟು ದೂರ. ಅವ್ವ ಕೂಗುತ್ತಲೇ ಇರುತ್ತಾಳೆ, ನನಗೆ ಕೇಳುತ್ತಲೇ ಇರುತ್ತದೆ.

ಅಂಗಡಿ ತೆರೆದ ಹೊಸದರಲ್ಲಿ ಒಂದು ಫಜೀತಿ ಆಯಿತು. ಫಾರ್ಮಸಿಸ್ಟ್ ನೋಂದಣಿ ಪತ್ರವನ್ನು ಎಲ್ಲರಿಗೂ ಕಾಣುವಂತೆ ಗೋಡೆಗೆ ಹಾಕಬೇಕು. ಅದರಲ್ಲಿ ನನ್ನ ಫೋಟೋ. ಅವ್ವ ಅದಕ್ಕೆ ವಿಭೂತಿ, ಕುಂಕುಮ ಹಚ್ಚಿ ಚೆಂಡುಹೂವಿನ ಹಾರ ಹಾಕಿದಳು. ತಪಾಸಣೆಗೆ ಬಂದ ಅಧಿಕಾರಿ ಒಳಗೆ ಕಾಲಿಟ್ಟವರೇ ಗೋಡೆ ನೋಡಿ ದನಿ ತಗ್ಗಿಸಿದರು.

“ಯಾವಾಗ ಹೋದ್ರಮ್ಮಾ ಇವ್ರು? ವಯಸ್ಸು ಭಾಳ ಸಣ್ಣದಿದ್ದಂಗೈತಿ.”

“ನಾನೇ ರೀ ಅದು” ಎಂದೆ.

ಅವರು ನನ್ನನ್ನೊಮ್ಮೆ, ಗೋಡೆಯನ್ನೊಮ್ಮೆ ನೋಡಿ, ಹಾರದಿಂದ ನೋಂದಣಿ ನಂಬರು ಮುಚ್ಚಿದೆ, ತೆಗೆಯಬೇಕು ಎಂದು ಬರೆದುಕೊಂಡು ಹೋದರು. ಅವ್ವ ಹಾರವನ್ನು ಗಿಡ್ಡ ಮಾಡಿದಳು. ತೆಗೆಯಲಿಲ್ಲ.

ಇನ್ನು ಕಾಗದದ ವಿಷಯ. ಬಹಳ ಗುಳಿಗೆಗಳು ಬರುವುದು ಹತ್ತು ಸ್ಟ್ರಿಪ್ಪಿನ ಡಬ್ಬಿಯಲ್ಲಿ. ಡಬ್ಬಿಗೆ ಒಂದೇ ಒಂದು ಮಾಹಿತಿ ಕಾಗದ. ಯಾರು ತಗೊಳ್ಳಬೇಕು, ಯಾರು ತಗೊಳ್ಳಬಾರದು, ತಗೊಂಡರೆ ಏನೇನು ತೊಂದರೆ ಆಗಬಹುದು, ಎಲ್ಲ ಅದರಲ್ಲಿ ಇರುತ್ತದೆ. ಬಿಚ್ಚಿದರೆ ಟವೆಲ್ಲಿನಷ್ಟು ಅಗಲ, ಅಕ್ಷರ ಗಸಗಸೆಯಷ್ಟು ಸಣ್ಣ, ಪೂರಾ ಇಂಗ್ಲಿಷು. ನನ್ನ ಗಿರಾಕಿಗಳು ಒಯ್ಯುವುದು ಒಂದು ಸ್ಟ್ರಿಪ್, ಕೆಲವರು ಅರ್ಧ. ಒಂದು ಕಾಗದವನ್ನು ಹತ್ತು ಮಂದಿಗೆ ಹೇಗೆ ಹರಿದು ಹಂಚುವುದು? ಹಂಚಿದರೂ ಓದುವವರು ಯಾರು? ಹಾಗಾಗಿ ಯಾರಿಗೂ ಕೊಡುತ್ತಿರಲಿಲ್ಲ. ಡಬ್ಬಿ ಬಿಚ್ಚುವುದು, ಕಾಗದವನ್ನು ಕಾಲಬುಡದ ರಟ್ಟಿನ ಪೆಟ್ಟಿಗೆಗೆ ಎಸೆಯುವುದು. ತಿಂಗಳಿಗೊಂದು ಪೆಟ್ಟಿಗೆ ತುಂಬುತ್ತಿತ್ತು.

ಅದೇ ಹೊತ್ತಿಗೆ ಪುರಸಭೆಯವರು ಗಾಡಿಗಳ ಮುಂದೆ ಬಂದು, ನ್ಯೂಸ್ ಪೇಪರಿನಲ್ಲಿ ಮಿರ್ಚಿ ಕೊಡಬೇಡಿ, ಮಸಿ ಹೊಟ್ಟೆಗೆ ಹೋಗುತ್ತದೆ ಎಂದು ಹೇಳಿ ಹೋದರು. ಅವ್ವ ತಲೆ ಮೇಲೆ ಕೈ ಹೊತ್ತು ಕೂತಳು. ನಾನು ಡಿಗ್ರಿ ಆದವಳಲ್ಲವೇ, ತಕ್ಷಣ ಪರಿಹಾರ ಹೊಳೆಯಿತು. ಪೆಟ್ಟಿಗೆ ಎತ್ತಿಕೊಂಡು ಹೋಗಿ ಅವ್ವನ ಮುಂದಿಟ್ಟೆ. ಔಷಧಿ ಡಬ್ಬಿಯೊಳಗಿನ ಕಾಗದ, ಬೆಳ್ಳಗೆ, ತೆಳ್ಳಗೆ, ಕೈ ಮುಟ್ಟದ್ದು. ಅದರಲ್ಲಿ ಇರುವುದೂ ಮಸಿಯೇ, ಪೇಪರಿಗಿಂತ ನಾಲ್ಕು ಪಟ್ಟು ಹೆಚ್ಚು ಮಸಿ ಎಂಬುದು ನನ್ನ ಬಿ.ಫಾರ್ಮ್ ತಲೆಗೆ ಬರಲೇ ಇಲ್ಲ.

ಗಿರಾಕಿಗಳಿಗೆ ಅದು ಎಷ್ಟು ಹಿಡಿಸಿತೆಂದರೆ ನನಗೇ ಹೆದರಿಕೆಯಾಯಿತು. ಔಷಧಿ ಕಾಗದದಲ್ಲಿ ತಿಂದ ಮಿರ್ಚಿ ಎದೆ ಉರಿಸುವುದಿಲ್ಲ ಎಂದು ಒಂದೇ ವಾರದಲ್ಲಿ ಸುದ್ದಿ ಹಬ್ಬಿತು. ಕೋಗಳಿಯಿಂದ ಸಂತೆಗೆ ಬಂದ ಯಜಮಾನರೊಬ್ಬರು ಆರು ಮಿರ್ಚಿ ತಿಂದು, ಎಣ್ಣೆಗಾಗದವನ್ನು ನೀಟಾಗಿ ಮಡಚಿ ಅಂಗಿ ಜೇಬಿಗೆ ಇಟ್ಟುಕೊಂಡರು.

“ಅದನ್ಯಾಕ್ರಿ ಯಜಮಾನ್ರ, ಬಿಸಾಕ್ರಿ” ಅಂದಳು ಅವ್ವ.

“ಮನ್ಯಾಗ ನಮ್ಮಾಕಿಗೂ ಗ್ಯಾಸ್ ಐತಿ” ಅಂದರು ಅವರು.

ಅವ್ವನೂ ಸುಮ್ಮನಿರಲಿಲ್ಲ. ಕಂಪನಿಯ ಗುರುತು ನೋಡಿ ನೋಡಿ ಬೇರೆ ಬೇರೆ ಕಟ್ಟು ಮಾಡಿದಳು. “ಸಕ್ಕರಿ ಇದ್ದೋರಿಗೆ ಯಾವ ಕಾಗ್ದ ಲೇ?” ಎಂದು ಅಲ್ಲಿಂದಲೇ ಕೂಗುವಳು. ನಾನು ಅಂಗಡಿ ಬಿಟ್ಟು ಓಡಿ, ಹಾಗೆಲ್ಲ ಇಲ್ಲವ್ವ, ಕಾಗದಕ್ಕೆ ಗುಣ ಇಲ್ಲ ಎಂದು ತಿಳಿಸಿ ಹೇಳಿದೆ. ಅವ್ವ ಕೇಳಿಸಿಕೊಂಡಳು. ನಾನು ತಿರುಗಿದ ಮೇಲೆ ಗಿರಾಕಿಗೆ, “ಆಕಿ ಹಂಗ ಅಂತಾಳ್ರಿ, ಹೇಳಿದ್ರ ಅಂಗಡ್ಯಾಗಿನ ವ್ಯಾಪಾರ ಕಡಿಮಿ ಆಗತೈತಲ್ಲ” ಎಂದದ್ದು ನನ್ನ ಕಿವಿಗೇ ಬಿತ್ತು.

ಹೀಗಿರುವಾಗ ಅವ್ವನಿಗೆ ಕೆಮ್ಮು ಶುರುವಾಯಿತು.

ದೀಪಾವಳಿ ಆಸುಪಾಸು. ಒಣ ಕೆಮ್ಮು. ಕಫ ಇಲ್ಲ, ಜ್ವರ ಇಲ್ಲ, ನೆಗಡಿ ಇಲ್ಲ. ಗಂಟಲಲ್ಲಿ ಯಾರೋ ಕೋಳಿಪುಕ್ಕ ಆಡಿಸಿದ ಹಾಗೆ ಎಂದು ಅವ್ವ ಹೇಳುತ್ತಿದ್ದಳು. ಕಾದ ಎಣ್ಣೆ, ಮೆಣಸಿನಕಾಯಿ ಘಾಟು, ಪಕ್ಕದ ಗ್ಯಾರೇಜಿನ ಹೊಗೆ, ಬಸ್‌ಸ್ಟ್ಯಾಂಡಿನ ಧೂಳು. ಕಾರಣಕ್ಕೇನು ಕಡಿಮೆ? ಬಂದವರೆಲ್ಲ ಒಂದೊಂದು ಹೇಳಿ ಹೋದರು. ಆದರೆ ಹದಿನೈದು ವರ್ಷ ಅದೇ ಘಾಟಿನಲ್ಲಿ ನಿಂತವಳಿಗೆ ಈಗಲೇ ಯಾಕೆ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಕೊರೊನಾ ಬಂದು ಹೋದ ಮೇಲೆ ಜನ ಕೆಮ್ಮಿಗೆ ಹೆದರಿದಷ್ಟು ಹಾವಿಗೂ ಹೆದರುವುದಿಲ್ಲ. ಅವ್ವ ಒಂದು ಸಲ ಕೆಮ್ಮಿದರೆ ಗಾಡಿಯ ಮುಂದೆ ನಿಂತವರು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಹತ್ತು ಸಲ ಕೆಮ್ಮಿದರೆ ಹತ್ತು ಹೆಜ್ಜೆ. ಹತ್ತು ಹೆಜ್ಜೆ ಹಿಂದಕ್ಕೆ ಹೋದರೆ ಅಲ್ಲೇ ಎದುರಿನ ಗಾಡಿ. ಅಲ್ಲೊಬ್ಬ ಹೊಸಬ ತಲೆಗೆ ಟೊಪ್ಪಿಗೆ, ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಮಿರ್ಚಿ ಕರಿಯುತ್ತಿದ್ದ. ಅವನ ಮಿರ್ಚಿಗೆ ಉಪ್ಪಿರಲಿಲ್ಲ, ಹುಳಿ ಇರಲಿಲ್ಲ. ಕೆಮ್ಮೂ ಇರಲಿಲ್ಲ. ಜನರಿಗೆ ಅಷ್ಟು ಸಾಕಾಯಿತು.

ಸಂಕ್ರಾಂತಿಗೆ ಹಡಗಲಿಯಿಂದ ಅಕ್ಕ ಬಂದಳು. ಎರಡು ದಿನ ಕೆಮ್ಮು ಕೇಳಿ, ಮೂರನೆಯ ದಿನ ಪಂಚಾಯಿತಿ ಕೂಡಿಸಿದಳು.

“ಸಾಕು ಮಾಡವ್ವ. ಈಕಿ ಅಂಗಡಿ ಐತಿ. ಮಗಳು ಬಿಳಿ ಕೋಟು ಹಾಕ್ಕೊಂಡು ಕುಂತಾಳ, ನೀ ಎದುರಿಗೇ ಬಾಂಡ್ಲಿ ಮುಂದ ನಿಂತು ಕೆಮ್ತಿ. ನೋಡಿದೋರು ಏನಂತಾರ?”

“ಮಿರ್ಚಿ ಚಲೋ ಅದಾವ ಅಂತಾರ.”

“ಈಗೀಗ ಹಂಗೂ ಅನ್ನಂಗಿಲ್ಲ. ಓಡಿ ಹೋಗ್ತಾರ.”

ಅವ್ವನಿಗೆ ಅದು ತಾಗಿತು. ಕಡಲೆಹಿಟ್ಟಿನ ಡಬ್ಬಿಯ ಮೇಲೆ ಕೈಯಿಟ್ಟು ಆಣೆ ಮಾಡಿದಳು. “ಯುಗಾದಿ ಮಟ ನೋಡೂಣು. ಯುಗಾದಿ ಸಂಜಿಗೂ ಹಿಂಗ ಕೆಮ್ಮಿದ್ನೆಂದ್ರ ಗಾಡಿ ಆ ಟೊಪ್ಪಿಗಿಯವಗ ಕೊಟ್ಟು ಮನ್ಯಾಗ ಕುಂದರ್ತೀನಿ.”

ಅಕ್ಕ ಗೆದ್ದವಳಂತೆ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ. ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಅವ್ವ ಮನೆಯಲ್ಲಿ ಕೂತರೆ ನನಗೂ ಚೆಂದವೇ ಎಂದು ಒಳಗೊಳಗೇ ಅನಿಸಿತ್ತು. ‘ಮೆಡಿಕಲ್ ಅಂಗಡಿಯವರ ತಾಯಿ’ ಎಂದು ಕರೆಸಿಕೊಳ್ಳಲಿ ಎಂಬ ಆಸೆ ನನಗೆ. ಅವಳಿಗೋ, ನಾನು ‘ಮಿರ್ಚಿ ಅವ್ವನ ಮಗಳು’ ಎಂದೇ ಊರಿಗೆ ಗೊತ್ತಿರಬೇಕು.

ಆದರೂ ಕೆಮ್ಮಿಗೆ ಔಷಧಿ ಕೊಡದೆ ಬಿಡಲಿಲ್ಲ. ಕೆಂಪು ಸಿರಪ್ಪು ಕೊಟ್ಟೆ, ಹಸಿರು ಕೊಟ್ಟೆ, ಕಂದು ಬಣ್ಣದ್ದು ಕೊಟ್ಟೆ. ಅವ್ವ ಎಲ್ಲವನ್ನೂ ಕುಡಿದು, ಹಸಿರಿನದು ರುಚಿ ಐತಿ ಎಂದಳು. ಹೊಸಪೇಟೆಗೆ ಕರೆದುಕೊಂಡು ಹೋಗಿ ಎದೆಯ ಎಕ್ಸ್‌ರೇ ತೆಗೆಸಿದೆ. ಏನೂ ಇಲ್ಲ. ಅಲ್ಲಿನ ಡಾಕ್ಟರು, “ಬೇರೆ ಯಾವುದಾದರೂ ಔಷಧಿ ತಗೊಳ್ತೀರಾ?” ಎಂದು ಕೇಳಿದರು. “ಏನಿಲ್ರಿ” ಅಂದಳು ಅವ್ವ. ನಾನು ಪಕ್ಕದಲ್ಲೇ ಕೂತು ತಲೆ ಆಡಿಸಿದೆ. ದಸರೆಯ ಹೊತ್ತಿಗೆ ಡಾಕ್ಟರು ಶುರು ಮಾಡಿದ್ದ, ಮುಂಜಾನೆ ಚಹಾದ ಜೊತೆ ನುಂಗುವ ಬಿಪಿ ಗುಳಿಗೆ ಅವಳ ಲೆಕ್ಕದಲ್ಲಿ ಔಷಧಿಯಲ್ಲ, ಚಹಾದ ಭಾಗ. ನನ್ನ ಲೆಕ್ಕದಲ್ಲಿ ಏನಾಗಿತ್ತೋ ನನಗೇ ಗೊತ್ತಿಲ್ಲ. ಆ ಗುಳಿಗೆಯನ್ನು ಪ್ರತಿ ತಿಂಗಳು ಕತ್ತರಿಸಿ ಕೊಡುತ್ತಿದ್ದವಳು ನಾನೇ.

ಗ್ಯಾರೇಜಿನ ಮೆಕ್ಯಾನಿಕ್ ಬಗ್ಗೆ ಹೇಳಬೇಕು. ಅವ್ವನ ಗಾಡಿಗೆ ಅಂಟಿಕೊಂಡೇ ಅವನ ಬೈಕ್ ರಿಪೇರಿ ಅಂಗಡಿ. ಅವ್ವನನ್ನು ಅಕ್ಕಾ ಎನ್ನುತ್ತಾನೆ, ನನ್ನನ್ನು ಡಾಕ್ಟ್ರವ್ವಾ ಎನ್ನುತ್ತಾನೆ. ನಾನು ಡಾಕ್ಟರಲ್ಲ ಎಂದು ಎಷ್ಟು ಸಲ ಹೇಳಿದರೂ, ಅವನು ಅದನ್ನು ನನ್ನ ವಿನಯ ಎಂದುಕೊಂಡಿದ್ದಾನೆ. ಓದಿದ್ದು ಹತ್ತನೆಯ ಇಯತ್ತೆಯವರೆಗೆ. ಆದರೆ ಬೈಕ್ ಕಂಪನಿಗಳ ಇಂಗ್ಲಿಷ್ ಕೈಪಿಡಿ ಓದಿ ಓದಿ, ಅಂಥ ಕಾಗದ ಯಾವುದು ಸಿಕ್ಕರೂ ಬಿಡುವವನಲ್ಲ.

ಯುಗಾದಿಗೆ ಇನ್ನು ಮೂರು ವಾರ ಇತ್ತು. ಸಂಜೆ ಅವನು ಕಲ್ಲಿನ ಮೇಲೆ ಕೂತು ಮಿರ್ಚಿ ತಿನ್ನುತ್ತಿದ್ದ. ಅವ್ವ ಕೆಮ್ಮುತ್ತಿದ್ದಳು. ಮಿರ್ಚಿ ಮುಗಿದ ಮೇಲೆ ಕಾಗದ ಓದತೊಡಗಿದ. ಎಣ್ಣೆ ಹೀರಿದ್ದರಿಂದ ಅಕ್ಷರ ಎದ್ದು ಕಾಣುತ್ತಿದ್ದವಂತೆ. ಇದೆಲ್ಲ ಅವನೇ ಆಮೇಲೆ ಹೇಳಿದ್ದು.

“ಅಕ್ಕಾ, ನಿಮಗ ಬಿಪಿ ಐತೇನ್ರಿ?”

“ಐತಿ. ಯಾಕ, ಮಿರ್ಚ್ಯಾಗ ಉಪ್ಪು ಹೆಚ್ಚಾಗೈತೇನು?”

“ಗುಳಿಗಿ ಯಾವುದು ತಿಂತೀರಿ?”

“ಗುಲಾಬಿ ಬಣ್ಣದ್ದು. ಈ ಕಾಗ್ದದ ಮ್ಯಾಲಿನ ಗುರುತ ಅದರ ಮ್ಯಾಲೂ ಐತಿ ನೋಡು.”

ಅವನು ಎದ್ದವನೇ ಎಣ್ಣೆಗಾಗದ ಹಿಡಿದು ನನ್ನ ಅಂಗಡಿಗೆ ಬಂದ. ನಾನು ಒಬ್ಬರಿಗೆ ಮುಲಾಮು ಹೇಗೆ ಹಚ್ಚಬೇಕೆಂದು ಹೇಳುತ್ತಿದ್ದೆ.

“ಡಾಕ್ಟ್ರವ್ವಾ, ಇದನ್ನ ಸ್ವಲ್ಪ ಓದ್ರಿ.”

“ಕೈ ಒರಸ್ಕೊಂಡು ಬಾ ಮಾರಾಯಾ, ಕೌಂಟರ್ ಪೂರಾ ಎಣ್ಣಿ ಆತು.”

“ಎಣ್ಣಿ ಆಮ್ಯಾಲ ಒರಸೂಣು. ಗಾಡಿ ಕೈಪಿಡ್ಯಾಗ ಕೊನಿಗೆ ಒಂದು ಪಟ್ಟಿ ಇರ್ತೈತಿ, ಯಾವ ತ್ರಾಸಿಗೆ ಯಾವ ಕಾರಣ ಅಂತ. ನಾನು ಯಾವ ಕಾಗ್ದ ಬಂದ್ರೂ ಮೊದ್ಲು ಕೊನಿಯಿಂದ ಓದ್ತೀನಿ. ಇಲ್ಲಿ ನೋಡ್ರಿ.”

ಅವನ ಕರಿ ಉಗುರಿನ ಕೆಳಗೆ ಇಂಗ್ಲಿಷಿನಲ್ಲಿ ‘ಒಣ ಕೆಮ್ಮು’ ಎಂದಿತ್ತು. ಬಿಡದೆ ಕಾಡುವ ಒಣ ಕೆಮ್ಮು. ಮೇಲೆ ಗುಳಿಗೆಯ ಹೆಸರು. ಅವ್ವನ ಗುಳಿಗೆ.

ನನಗೆ ಗೊತ್ತಿರಲಿಲ್ಲ ಎಂದಲ್ಲ. ಗೊತ್ತಿತ್ತು. ಈ ಜಾತಿಯ ಬಿಪಿ ಗುಳಿಗೆಗಳ ಅಡ್ಡ ಪರಿಣಾಮಗಳನ್ನು ಬರೆಯಿರಿ ಎಂದು ಪರೀಕ್ಷೆಯಲ್ಲೇ ಬಂದಿತ್ತು. ಒಣ ಕೆಮ್ಮು ಎಂದು ಮೊದಲನೆಯದಾಗಿ ಬರೆದು, ಅಡಿಗೆರೆ ಎಳೆದು, ಪೂರಾ ಅಂಕ ತಗೊಂಡಿದ್ದೆ. ಬಸ್ಸಿನಲ್ಲಿ ನಿಂತು ಓದಿದ್ದು ಅದು. ಆದರೆ ಪುಸ್ತಕದಲ್ಲಿ ಕೆಮ್ಮುವವರು ‘ರೋಗಿ’ ಎಂಬುವರು. ನಮ್ಮವ್ವ ರೋಗಿ ಎಂಬುದು ನನಗೆ ಹೊಳೆಯಬೇಕಲ್ಲ.

“ಹೌದೇನ್ರಿ?” ಅಂದ ಮೆಕ್ಯಾನಿಕ್.

“ಹೌದಿರಬೇಕು.”

“ಹಂಗಾರ ನನ್ನ ಫೋಟೋನೂ ಗ್ವಾಡಿಗೆ ಹಾಕ್ರಿ” ಎಂದು ಹಾರದ ಕಡೆ ಕೈ ತೋರಿಸಿ ಹೋದ.

ಗುಳಿಗೆಯನ್ನು ನಾನೇ ನಿಲ್ಲಿಸಲಿಲ್ಲ. ಬಿಪಿ ಗುಳಿಗೆ ನಾವೇ ನಾವಾಗಿ ಬಿಡುವಂಥದ್ದಲ್ಲ. ಮರುದಿನ ಅದನ್ನು ಬರೆದುಕೊಟ್ಟಿದ್ದ ಡಾಕ್ಟರ ಹತ್ತಿರ ಅವ್ವನನ್ನು ಕರೆದುಕೊಂಡು ಹೋದೆ. ಅವರು ಕೇಳಿ, ಹಣೆ ತಿಕ್ಕಿಕೊಂಡು, ಬೇರೆ ಜಾತಿಯ ಗುಳಿಗೆ ಬರೆದರು. ಕೆಮ್ಮು ಅದರದ್ದೇ ಆದರೆ ನಿಲ್ಲಲು ಒಂದು ವಾರವೂ ಆಗಬಹುದು, ತಿಂಗಳೂ ಆಗಬಹುದು ಎಂದರು. ಯುಗಾದಿಗೆ ಇಪ್ಪತ್ತು ದಿನ ಇತ್ತು.

ವಾಪಸ್ಸು ಬರುವಾಗ ಬೇವಿನ ಮರ ಕಂಡಾಗ ಅವ್ವ ಕೇಳಿದಳು.

“ಹಂಗಾರ ಇದು ಕಂಪನಿಯವ್ರಿಗೆ ಮೊದ್ಲೇ ಗೊತ್ತಿತ್ತು?”

“ಗೊತ್ತಿತ್ತವ್ವ. ಬರೆದಿದ್ರು.”

“ಎಲ್ಲಿ ಬರೆದಿದ್ರು?”

“ನಿನ್ನ ಮಿರ್ಚಿ ಕೆಳಗ.”

ಆ ವಾರವೇ ಕಂಪನಿಯ ಪ್ರತಿನಿಧಿ ಬಂದರು. ಕೂಡ್ಲಿಗಿಯವರು, ನಲವತ್ತು ದಾಟಿದ ಮನುಷ್ಯ, ಸುತ್ತಲಿನ ಐದು ತಾಲೂಕಿನ ಬಸ್ಸುಗಳ ಹೊತ್ತು ಗೊತ್ತಿದ್ದವರು. ಡಾಕ್ಟರಿಗೆ ಉಡುಗೊರೆ ಕೊಡಬಾರದು ಎಂದು ನಿಯಮ ಬಂದ ಮೇಲೆ ಅವರ ಚೀಲ ಹಗುರಾಗಿತ್ತು, ಮುಖ ಭಾರವಾಗಿತ್ತು. ನಾನು ಹೇಳಿದ್ದನ್ನೆಲ್ಲ ಕೇಳಿದರು.

“ಮೇಡಂ, ಕಂಪನಿ ತನ್ನ ಕೆಲ್ಸ ಮಾಡೈತಲ್ರೀ. ಕೆಮ್ಮು ಬರತೈತಿ ಅಂತ ಕಾಗದದಾಗ ಹಾಕೈತಿ. ಕಾನೂನಿನ ಪ್ರಕಾರ ತಿಳಿಸ್ದಂಗಾತು.”

“ಯಾರಿಗೆ ತಿಳಿಸ್ದಂಗಾತ್ರಿ?”

“ಡಾಕ್ಟ್ರಿಗೆ, ನಿಮಗ. ನೀವು ರೋಗಿಗೆ ಹೇಳಬೇಕಲ್ಲ.”

ಇದು ಸರಿಯಾಗಿಯೇ ಇತ್ತು, ಅದಕ್ಕೇ ಸಿಟ್ಟು ಬಂತು. ಕಂಪನಿ ಕಾಗದಕ್ಕೆ ಹೇಳಿತ್ತು. ಕಾಗದ ನನಗೆ ಹೇಳಿತ್ತು. ಡಾಕ್ಟರು ನಾನು ಹೇಳುತ್ತೇನೆ ಎಂದುಕೊಂಡಿದ್ದರು, ನಾನು ಡಾಕ್ಟರು ಹೇಳಿರುತ್ತಾರೆ ಎಂದುಕೊಂಡಿದ್ದೆ. ಎಲ್ಲರೂ ತಂತಮ್ಮ ಕೆಲಸ ಮಾಡಿ ಮುಗಿಸಿದ್ದೆವು, ಅವ್ವ ಕೆಮ್ಮುತ್ತಿದ್ದಳು.

ಅಷ್ಟರಲ್ಲಿ ಅವಳೇ ಅಂಗಡಿಗೆ ಬಂದಳು, ಕೈಯಲ್ಲಿ ಎಣ್ಣೆ ಬಸಿಯುವ ಜಾಲರಿ ಹಿಡಿದೇ. ಪ್ರತಿನಿಧಿ ಎದ್ದು ನಿಂತರು.

“ಕುಂದರ್ರಿ ಸಾಹೇಬ್ರ. ನಾನು ದಿನಾ ಮಿರ್ಚಿ ಮಾರ್ತೀನಿ. ಹೊಸಾ ಗಿರಾಕಿ ಬಂದ್ರ, ‘ಯಪ್ಪಾ, ಇವತ್ತಿನ ಕಾಯಿ ಭಾಳ ಖಾರ ಐತಿ, ನೋಡಿ ಕಡಿ’ ಅಂತ ಬಾಯಿಬಿಟ್ಟು ಹೇಳ್ತೀನಿ. ಚೀಟಿ ಬರ್ದು ಮಿರ್ಚಿ ಹೊಟ್ಟ್ಯಾಗ ಇಡಂಗಿಲ್ಲ.”

ಪ್ರತಿನಿಧಿ ತಮ್ಮ ಚೀಲದ ಜಿಪ್ಪು ಎಳೆದರು.

“ಅದೂ ಇಂಗ್ಲಿಷಿನ್ಯಾಗ” ಎಂದು ಸೇರಿಸಿ, ಎರಡು ಸಲ ಕೆಮ್ಮಿ, ಅವ್ವ ಬಾಂಡಲೆಯ ಕಡೆ ನಡೆದಳು.

ಔಷಧಿಯಿಂದ ತೊಂದರೆ ಆಯಿತೆಂದು ಯಾರೇ ತಿಳಿಸಿದರೂ ಕಂಪನಿ ಅದನ್ನು ಬರೆದಿಟ್ಟುಕೊಳ್ಳಬೇಕು, ಸರ್ಕಾರಕ್ಕೆ ಮುಟ್ಟಿಸಬೇಕು. ಇದೂ ನಾನು ಓದಿದ್ದೇ. ಇದಕ್ಕೊಂದು ಫಾರಂ ಇದೆ. ನಾನು ತುಂಬುತ್ತೇನೆ ಎಂದೆ. ಪ್ರತಿನಿಧಿ ಬೆವತರು. “ಗೊತ್ತಿದ್ದ ಕೆಮ್ಮಿಗೆ ಫಾರಂ ಯಾಕ್ರಿ ಮೇಡಂ? ಮ್ಯಾಲಿನವ್ರು ನನ್ನ ಮ್ಯಾಲೆ ಬರ್ತಾರ. ಪೆನ್ ಒಂದು ತಗೊಳ್ರಿ” ಎಂದು ಪೆನ್ನು ಕೊಟ್ಟರು. ಆ ಪೆನ್ನಿನಲ್ಲೇ ಫಾರಂ ತುಂಬಲು ಕೂತೆ. ಅದು ಬರೆಯಲಿಲ್ಲ. ಅವರೇ ಪಾಪ ತಮ್ಮ ಜೇಬಿನ ಸ್ವಂತ ಪೆನ್ನು ಕೊಟ್ಟರು, ಮುಗಿಯುವವರೆಗೆ ಕೂತಿದ್ದು, ತಾವೇ ಕಂಪನಿಗೆ ಕಳಿಸಿದರು. ಮನುಷ್ಯ ಕೆಟ್ಟವರಲ್ಲ.

ಹತ್ತು ದಿನಕ್ಕೆ ಕಂಪನಿಯಿಂದ ಫೋನು ಬಂತು. ಸಂಜೆಯ ಹೊತ್ತು, ನಾನು ಗಾಡಿಯ ಹತ್ತಿರವೇ ಇದ್ದೆ. ಆ ಕಡೆ ಒಬ್ಬ ಹೆಣ್ಣುಮಗಳು, ಬೆಂಗಳೂರಿನ ಕನ್ನಡ. ಸಾಧ್ಯವಾದರೆ ರೋಗಿಯನ್ನೇ ಕೇಳಬೇಕು ಎಂದಳು. ಫೋನನ್ನು ಜೋರು ಮಾಡಿ ಅವ್ವನ ಮುಂದೆ ಹಿಡಿದೆ. ಮೆಕ್ಯಾನಿಕ್ ಬೋಲ್ಟು ಬಿಗಿಯುತ್ತಿದ್ದ ಪಾನಾ ಬಿಟ್ಟು ಬಂದು ನಿಂತ. ಗಿರಾಕಿಗಳು ಒಂದು ಹೆಜ್ಜೆ ಮುಂದೆ ಬಂದರು.

“ಅಮ್ಮಾ, ಕೆಮ್ಮು ಎಷ್ಟು ತೀವ್ರವಾಗಿತ್ತು? ಸ್ವಲ್ಪ, ಮಧ್ಯಮ, ಬಹಳ?”

“ಐದು ಮಿರ್ಚಿಗೊಮ್ಮೆ ಬರ್ತಿತ್ತವ್ವ.”

“ಅಂದ್ರೆ, ಎಷ್ಟು ನಿಮಿಷಕ್ಕೊಮ್ಮೆ?”

“ಉರಿ ಹ್ಯಾಂಗೈತಿ ಅದರ ಮ್ಯಾಲೆ.”

ಆ ಕಡೆ ಕೀಲಿಮಣೆಯ ಸದ್ದು ನಿಂತು, ಮತ್ತೆ ಶುರುವಾಯಿತು.

“ಈಗ ಗುಳಿಗೆ ಬದಲಾದ ಮೇಲೆ ಹೇಗಿದೆ?”

“ಈಗ ಎರಡು ಬಾಂಡ್ಲಿಗೊಮ್ಮೆ. ನಿನಗ ಮದುವಿ ಆಗೈತೇನವ್ವ?”

“ಅದು... ಇಲ್ಲಮ್ಮ. ಕೆಮ್ಮಿನಿಂದ ನಿಮ್ಮ ದಿನದ ಕೆಲಸಕ್ಕೆ ತೊಂದರೆ ಆಯಿತಾ?”

ಅವ್ವ ಎದುರಿನ ಟೊಪ್ಪಿಗೆಯ ಗಾಡಿ ನೋಡಿದಳು. “ಆತವ್ವ. ಹದಿನೈದು ವರ್ಷದ ಗಿರಾಕಿ ಹೋದ್ರು. ಯುಗಾದಿಗೆ ನಿಲ್ಲಲಿಲ್ಲಂದ್ರ ಗಾಡಿನೂ ಹೋಗತೈತಿ. ಬರ್ಕೋ.”

“ಬರ್ಕೊಂಡೆ ಅಮ್ಮ” ಎಂದಳು ಹುಡುಗಿ, ಸ್ವಲ್ಪ ಮೆತ್ತಗೆ. “ಇದು ಔಷಧಿಯ ಅಡ್ಡ ಪರಿಣಾಮ ಅಂತ ನಿಮಗೆ ಹೇಗೆ ತಿಳಿಯಿತು? ಡಾಕ್ಟರಿಂದಲಾ, ಫಾರ್ಮಸಿಸ್ಟಿಂದಲಾ?”

“ಮೆಕ್ಯಾನಿಕ್ಕಿಂದ.”

ಮೆಕ್ಯಾನಿಕ್ ಫೋನಿನ ಹತ್ತಿರ ಬಾಗಿ ನಮಸ್ಕಾರ ಮೇಡಂ ಎಂದ. ಹುಡುಗಿ ಸಾವಕಾಶವಾಗಿ, “ಫಾರಂನಲ್ಲಿ ಆ ಆಯ್ಕೆ ಇಲ್ಲ ಅಮ್ಮ” ಎಂದಳು. ನಾನು ನಡುವೆ ಬಾಯಿ ಹಾಕಿ ಮಿರ್ಚಿ, ಕಾಗದ, ಎಣ್ಣೆ ಎಲ್ಲ ವಿವರಿಸಿದೆ. ಹೇಳುತ್ತಾ ಹೇಳುತ್ತಾ ನನ್ನ ಕಿವಿ ಕೆಂಪಾದವು, ಯಾಕೆಂದರೆ ಆ ಕಥೆಯಲ್ಲಿ ಕಾಗದವನ್ನು ರೋಗಿಗೆ ಕೊಡದೆ ಗಾಡಿಗೆ ಕೊಟ್ಟವಳು ಒಬ್ಬಳಿದ್ದಳು. ಅವಳು ಬಿ.ಫಾರ್ಮ್ ಆಗಿದ್ದಳು.

“ನಿಮ್ಮಿಂದ ಏನಾದರೂ ಸಲಹೆ ಇದೆಯಾ ಅಮ್ಮ?” ಎಂದು ಕೊನೆಗೆ ಕೇಳಿದಳು.

“ಐತಿ. ಕಾಗ್ದ ಕನ್ನಡದಾಗ ಹಾಕ್ರಿ. ಅಕ್ಷರ ದೊಡ್ಡವು ಇರ್ಲಿ. ಡಬ್ಬಿಗೊಂದು ಸಾಲಂಗಿಲ್ಲ, ಗುಳಿಗಿ ಶೀಟಿಗೊಂದು ಬೇಕು. ಮತ್ತ ಸ್ವಲ್ಪ ದಪ್ಪ ಇರ್ಲಿ, ಎಣ್ಣಿ ಸೋರತೈತಿ.”

ಕೊನೆಯದನ್ನು ಬರೆದುಕೊಂಡಳೋ ಇಲ್ಲವೋ ಗೊತ್ತಿಲ್ಲ. ಸಂಬಂಧಪಟ್ಟವರಿಗೆ ತಿಳಿಸುತ್ತೇನೆ ಎಂದಳು. ಕನ್ನಡದ ಕಾಗದ ಇನ್ನೂ ಬಂದಿಲ್ಲ. ಹೊಸ ಡಬ್ಬಿ ಬಿಚ್ಚಿದಾಗಲೆಲ್ಲ ಮೊದಲು ಅದನ್ನೇ ನೋಡುತ್ತೇನೆ.

ಆದರೆ ನನ್ನ ಪಾಲಿನದು ನಾನು ಅಂದೇ ಶುರು ಮಾಡಿದೆ. ಅವ್ವನಿಗೆ ಕಾಗದ ಕೊಡುವುದು ನಿಲ್ಲಿಸಿದೆ. ಕನ್ನಡದಲ್ಲಿ ದೊಡ್ಡದಾಗಿ ಚೀಟಿ ಬರೆದು ಜೆರಾಕ್ಸ್ ಮಾಡಿಸಿ, ಗುಳಿಗೆಯ ಜೊತೆ ಕೊಡತೊಡಗಿದೆ: ಈ ಗುಳಿಗೆಯಿಂದ ಕೆಲವರಿಗೆ ಒಣ ಕೆಮ್ಮು ಬರುತ್ತದೆ, ಬಂದರೆ ಹೇಳಿ, ನೀವೇ ಬಿಡಬೇಡಿ. ಕೊಡುವಾಗ ಬಾಯಿಬಿಟ್ಟೂ ಹೇಳುತ್ತೇನೆ, ಅವ್ವ ಖಾರದ ಕಾಯಿಗೆ ಹೇಳುವ ಹಾಗೆ. ಮೊದಲ ವಾರದಲ್ಲೇ ಇಬ್ಬರು ಬಂದು, ಹೌದ್ರಿ, ನಮಗೂ ಐತಿ ಎಂದರು. ಒಬ್ಬರಂತೂ ಆ ಕೆಮ್ಮಿಗೆ ಸೊಸೆಯ ಒಗ್ಗರಣೆಯೇ ಕಾರಣ ಎಂದು ಮೂರು ತಿಂಗಳಿಂದ ಅವಳ ಜೊತೆ ಮಾತು ಬಿಟ್ಟಿದ್ದರು.

ಗಾಡಿಯ ಮುಂದೆ ಗಲಾಟೆಯೇ ಆಯಿತು. ಕಾಗದದ ಬದಲು ಮುತ್ತುಗದೆಲೆಯಲ್ಲಿ ಮಿರ್ಚಿ ಕೊಟ್ಟರೆ ಎದೆ ಉರಿಯುತ್ತದೆ, ಔಷಧಿ ಕಾಗದವೇ ಬೇಕು ಎಂದು ಜನ ಹಟ ಹಿಡಿದರು. ಕೋಗಳಿಯ ಯಜಮಾನರು ಖುದ್ದು ನನ್ನ ಅಂಗಡಿಗೆ ಬಂದು, “ನಮ್ಮಾಕಿಗೆ ಗುಣ ಆಗಿತ್ತವ್ವ, ಯಾಕ ನಿಲ್ಲಿಸಿದ್ರಿ?” ಎಂದು ಬೇಸರ ಮಾಡಿಕೊಂಡರು. ಗ್ಯಾಸಿನ ಗುಳಿಗೆಯ ಬಗ್ಗೆ ಡಾಕ್ಟರನ್ನು ಕೇಳಿ ಎಂದೆ. ಕಾಗದದಷ್ಟು ಬೇರೆ ಯಾವುದೂ ಹಿಡಿಯಲ್ಲ ಎಂದು ತಲೆ ಅಲ್ಲಾಡಿಸಿದರು.

ಯುಗಾದಿ ಬಂತು. ಮುಂಜಾನೆ ಬೇವು-ಬೆಲ್ಲ ತಿನ್ನುವಾಗ ಅವ್ವ ಒಂದು ಸಲ ಕೆಮ್ಮಿದಳು. ಹಡಗಲಿಯಿಂದ ಬಂದಿದ್ದ ಅಕ್ಕ ಬೆರಳೆತ್ತಿದಳು.

“ಬೇವು ಗಂಟ್ಲಿಗೆ ಸಿಕ್ಕೈತಿ. ಅದು ಲೆಕ್ಕಕ್ಕಿಲ್ಲ” ಅಂದಳು ಅವ್ವ. “ಆಣಿ ಮಾಡಿದ್ದು ಸಂಜಿಗೆ.”

ಸಂಜೆ ನಾವು ಮೂವರೂ ಗಾಡಿಗೆ ಹೋದೆವು. ಹೊಸ ಚಂದ್ರನನ್ನು ನೋಡಲು ಜನ ಬೀದಿಗೆ ಬಂದಿದ್ದರು, ಪಡುವಣದ ಕಡೆ ಒಂದು ಕಣ್ಣು, ಬಾಂಡಲೆಯ ಕಡೆ ಒಂದು ಕಣ್ಣು. ಟೊಪ್ಪಿಗೆಯವನೂ ತನ್ನ ಉರಿ ಸಣ್ಣ ಮಾಡಿ ಬಂದು ನಿಂತಿದ್ದ. ಅವನಿಗೂ ಇದರಲ್ಲಿ ಪಾಲಿತ್ತಲ್ಲ. ಮೆಕ್ಯಾನಿಕ್ ತಾನೇ ತೀರ್ಪು ಹೇಳುವ ಪಂಚನಾದ. ಬೈಕ್ ರಿಪೇರಿ ಆದ ಮೇಲೆ ಏರಿನಲ್ಲಿ ಓಡಿಸಿ ನೋಡಬೇಕು, ಬಯಲಲ್ಲಿ ಓಡಿಸಿದರೆ ತಿಳಿಯುವುದಿಲ್ಲ ಎಂದ. ಹಾಗಾಗಿ ಷರತ್ತು ಹೀಗಾಯಿತು: ಬಾಂಡಲೆ ತುಂಬ ಮಿರ್ಚಿ, ಉರಿ ಪೂರಾ, ಹಾಕಿದಾಗಿನಿಂದ ತೆಗೆಯುವವರೆಗೆ ಒಂದೂ ಕೆಮ್ಮು ಬರಬಾರದು. ಅಷ್ಟಕ್ಕೇ ಬಿಡದೆ, “ಪೂರಾ ಟೆಸ್ಟ್ ಆಗ್ಲಿ ಅಕ್ಕಾ” ಎಂದು ನಾಲ್ಕು ಒಣಮೆಣಸಿನಕಾಯಿ ಮುರಿದು ಎಣ್ಣೆಗೆ ಹಾಕಿಬಿಟ್ಟ.

ನಾನು ಅವ್ವನ ಮುಖವನ್ನೇ ನೋಡುತ್ತಿದ್ದೆ. ಸಂಕ್ರಾಂತಿಯ ಹೊತ್ತಿಗೆ ಗೋಡೆ ನೋಡಿದವಳು ನಾನು. ಇವತ್ತು ಅವ್ವ ಗೆಲ್ಲಲಿ ಎಂದು ನನ್ನ ಹೊಟ್ಟೆಯೊಳಗಿಂದ ಬಂತು, ಡಿಗ್ರಿ ಫಲಿತಾಂಶದ ದಿನವೂ ಅಷ್ಟು ಬಂದಿರಲಿಲ್ಲ.

ಘಾಟು ಎದ್ದಿತು. ಮೊದಲು ಮೆಕ್ಯಾನಿಕ್ಕೇ ಕೆಮ್ಮಿದ. ಅವನ ಹಿಂದೆ ಅಕ್ಕ, ಸೆರಗು ಮೂಗಿಗೆ ಹಿಡಿದು ಬಾಗಿ ಬಾಗಿ ಕೆಮ್ಮಿದಳು. ಟೊಪ್ಪಿಗೆಯವನು ಹತ್ತು ಹೆಜ್ಜೆ ಹಿಂದೆ ಸರಿದು ತನ್ನ ಗಾಡಿಗೇ ತಲುಪಿದ. ನನ್ನ ಕಣ್ಣಲ್ಲಿ ನೀರು, ಗಂಟಲಲ್ಲಿ ಬೆಂಕಿ, ಮಾತಾಡಲು ಹೋದರೆ ಬರೀ ಕೆಮ್ಮು. ಚಂದ್ರ ಕಾಣಿಸ್ತು ಎಂದು ಯಾರೋ ಅಂದದ್ದು ಕೇಳಿಸಿತು, ನನಗೆ ಚಂದ್ರ ನಾಲ್ಕು ಕಂಡವು.

ಹೊಗೆಯ ನಡುವೆ ಅವ್ವ ಒಬ್ಬಳೇ ನೆಟ್ಟಗೆ ನಿಂತಿದ್ದಳು. ಮಿರ್ಚಿ ಮಗುಚಿದಳು, ಕೆಂಪಗಾಗಲು ಬಿಟ್ಟಳು, ಜಾಲರಿಯಲ್ಲಿ ಎತ್ತಿ ಎಣ್ಣೆ ಬಸಿದಳು, ಬುಟ್ಟಿಗೆ ಸುರಿದಳು. ಒಂದು ಸಲವೂ ಕೆಮ್ಮಲಿಲ್ಲ. ಆಮೇಲೆ ಕೆಮ್ಮುತ್ತಿದ್ದ ನಮ್ಮೆಲ್ಲರ ಕಡೆ ತಿರುಗಿ, ಸೊಂಟಕ್ಕೆ ಕೈ ಕೊಟ್ಟು, ಆ ಬೆಂಗಳೂರಿನ ಹುಡುಗಿಯ ಹಾಗೆ ನಿಧಾನವಾಗಿ ಕೇಳಿದಳು.

“ಯಾವ ಗುಳಿಗಿ ತಿಂತೀರಲೇ ನೀವೆಲ್ಲ?”